‘ಇಲ್ಲಿ ಏನೂ ಇರಲಿಲ್ಲ’ ಎಂಬ ಫಲಕದ ಕುರಿತು

ನಗರದ ನೆಲದಡಿಯ ರೈಲು ನಿಲ್ದಾಣದ ಮುಖ್ಯಾಧಿಕಾರಿಗಳ ಘನ ಸನ್ನಿಧಿಗೆ,

ಮಾನ್ಯರೇ,

ಮೂರಂತಸ್ತು ಕೆಳಗೆ ತಣ್ಣನೆಯ ಕೋಣೆಯಲ್ಲಿ ಕುಳಿತು ಇಡೀ ನಗರವನ್ನು ಮೇಲೆತ್ತುತ್ತಿರುವ ತಮಗೆ, ನೆಲದ ಮೇಲೆಯೇ ಉಳಿದುಹೋದ ಒಬ್ಬ ಕ್ಷೌರಿಕನ ವಿನಮ್ರ ವಂದನೆಗಳು.

ತಮ್ಮ ಎರಡನೇ ದ್ವಾರದ ಗೋಡೆಗೆ ‘ನಿಲ್ದಾಣದ ಇತಿಹಾಸ ಮತ್ತು ವಿಕಾಸ’ ಎಂಬ ಹೊಳೆಯುವ ಫಲಕ ಹಾಕಿಸಿದ್ದಿರಿ. ‘ಹನ್ನೊಂದು ವರ್ಷಗಳ ಹಿಂದೆ ಇಲ್ಲಿ ಏನೂ ಇರಲಿಲ್ಲ’ ಎಂಬ ಮೊದಲ ಸಾಲಿಗೇ ನನಗೆ ರೋಮಾಂಚನವಾಯಿತು. ಏಕೆಂದರೆ ಆ ಏನೂ ಇಲ್ಲದ ಜಾಗದಲ್ಲಿ ನಾನು ಎರಡು ಕುರ್ಚಿ, ಒಂದು ದೊಡ್ಡ ಕನ್ನಡಿ ಇಟ್ಟುಕೊಂಡು ಇಪ್ಪತ್ತಾರು ವರ್ಷ ಬೀದಿಯವರ ತಲೆ ನೋಡಿಕೊಂಡಿದ್ದೆ. ಪಕ್ಕದ ಏನೂ ಇಲ್ಲದ ಅಂಗಡಿಯಲ್ಲಿ ನನ್ನ ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು.

ಅಳತೆಯ ಟೇಪು ಹಿಡಿದು ಬಂದ ತಮ್ಮ ಇಂಜಿನಿಯರು, “ಎರಡೇ ವರ್ಷ ಕಣಣ್ಣ, ಆಮೇಲೆ ನಿನ್ನಂಗಡಿ ಮುಂದೆ ಜನ ಕ್ಯೂ ನಿಲ್ತಾರೆ ನೋಡು” ಎಂದಿದ್ದರು. ಅವರ ಮಾತು ಸುಳ್ಳಾಗಲಿಲ್ಲ. ಬೀದಿಗೆ ಅಡ್ಡ ನಿಲ್ಲಿಸಿದ ತಗಡಿನ ಗೋಡೆಯ ಸಂದಿಯಲ್ಲಿ ಒಬ್ಬರ ಹಿಂದೊಬ್ಬರು ನುಸುಳಬೇಕಾದ್ದರಿಂದ ಜನ ಕ್ಯೂನಲ್ಲೇ ನಿಂತರು. ಅಂಗಡಿಯೊಳಗೆ ಬರಲಿಲ್ಲ, ಅಷ್ಟೇ.

ತಪ್ಪದೆ ಬಂದವರು ನನಗೆ ಅಕ್ಷರ ಕಲಿಸಿದ ಮೇಷ್ಟ್ರೊಬ್ಬರೇ. ಸುರಂಗ ಕೊರೆಯುವ ತಮ್ಮ ಯಂತ್ರ ನಮ್ಮ ಕಾಲಡಿ ಹಾದುಹೋದ ಬೆಳಿಗ್ಗೆ ಅವರ ಗಲ್ಲ ನನ್ನ ಕೈಯಲ್ಲಿತ್ತು. ಕುರ್ಚಿ ಅದುರಿತು, ಕನ್ನಡಿ ಬಿರುಕುಬಿಟ್ಟಿತು, ಕ್ಷೌರದ ಕತ್ತಿ ಜಾರಿ ಅವರ ಕಿವಿಯ ತುದಿಯನ್ನು ಕೊಯ್ದಿತು. ನಾನು ಅತ್ತೇಬಿಟ್ಟೆ. ಮೇಷ್ಟ್ರು ಹತ್ತಿ ಒತ್ತಿಕೊಂಡು, “ಅಳಬೇಡ್ವೋ, ಇನ್ನೊಂದು ಕಿವಿ ಇದೆಯಲ್ಲ. ಮೀಸೆ ಸರಿಮಾಡು” ಎಂದರು. ಅಭಿವೃದ್ಧಿಗೆ ರಕ್ತ ಕೊಟ್ಟವರ ಪಟ್ಟಿಯೇನಾದರೂ ತಮ್ಮಲ್ಲಿದ್ದರೆ ಆ ಕಿವಿಯನ್ನೂ ಸೇರಿಸಿಕೊಳ್ಳಬೇಕೆಂದು ಪ್ರಾರ್ಥನೆ.

ಮರುವರ್ಷ ನಾಲ್ಕು ದಿನದ ನೋಟಿಸು ಕೊಟ್ಟು ಎರಡೂ ಅಂಗಡಿ ಕೆಡವಿಸಿದಿರಿ. ಹೊಲಿಗೆ ಯಂತ್ರವನ್ನು ತಬ್ಬಿಕೊಂಡು ಹೊರಬಂದ ನನ್ನ ಹೆಂಡತಿ ಅಂದಿನಿಂದ ಆ ಬೀದಿಗೆ ಕಾಲಿಟ್ಟಿಲ್ಲ. ನಾನು ಮನೆಯ ಮೆಟ್ಟಿಲ ಕೆಳಗೆ ಒಂದು ಕುರ್ಚಿ ಹಾಕಿಕೊಂಡಿದ್ದೇನೆ. ತಾವು ನೆಲದಡಿ ಹೋದಿರಿ, ನಾನು ಮೆಟ್ಟಿಲಡಿ, ಇಬ್ಬರದೂ ಪ್ರಗತಿಯೇ.

ಉದ್ಘಾಟನೆಯಾದ ವಾರ ಮೇಷ್ಟ್ರು ಆ ಫಲಕ ಓದಿದರು. ಜೇಬಿನಿಂದ ಕೆಂಪು ಮಾರ್ಕರ್ ತೆಗೆದು, ‘ಏನೂ ಇರಲಿಲ್ಲ’ ಎಂಬುದಕ್ಕೆ ಅಡ್ಡಗೆರೆ ಎಳೆದು, ‘ಒಂದು ಕ್ಷೌರದಂಗಡಿ, ಒಂದು ಹೊಲಿಗೆಯಂಗಡಿ ಇದ್ದವು’ ಎಂದು ಬರೆದು, ತಮಗೆ ಹತ್ತಕ್ಕೆ ಸೊನ್ನೆ ಅಂಕ ಕೊಟ್ಟರು. ಕಾವಲುಗಾರ ಹಿಡಿದು ತಮ್ಮ ಮುಂದೆ ನಿಲ್ಲಿಸಿದ. ಸುದ್ದಿ ತಿಳಿದು ನಾನೂ ಓಡಿ ಬಂದೆ. “ಅಂಗಡಿ ಇತ್ತು ಅನ್ನೋದಕ್ಕೆ ಏನ್ರೀ ಸಾಕ್ಷಿ?” ಎಂದು ಕೇಳಿದಿರಿ. ಮೇಷ್ಟ್ರು ಕಿವಿ ಮುಂದೆ ಮಾಡಿದರು. ತಾವು ಅದನ್ನು ದಾಖಲೆಯೆಂದು ಒಪ್ಪದೆ ಕ್ಷಮಾಪಣೆ ಪತ್ರವನ್ನು ಹೇಳಿ ಬರೆಸಿದಿರಿ. ಎಂಬತ್ತೊಂದು ವರ್ಷ ವಯಸ್ಸಿನ ಅವರು ಅದನ್ನು ನಿಂತುಕೊಂಡೇ ಬರೆದರು; ಕೋಣೆಯಲ್ಲಿ ಖಾಲಿಯಿದ್ದ ಆರು ಕುರ್ಚಿಗಳು ಸವೆಯದಂತೆ ಕಾಪಾಡಿದ ತಮ್ಮ ಕರ್ತವ್ಯನಿಷ್ಠೆಯನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ಇದ್ದ ಪದಗಳನ್ನು ಇಂಥ ಪತ್ರದಲ್ಲಿ ಬರೆಯುವಂತಿಲ್ಲ.

ಆದರೂ ತಾವು ಕರುಣಾಳುಗಳು. ತಿಂಗಳೊಳಗೆ ಹೊಸ ಫಲಕ ಬಂತು: ‘ಹಿಂದೆ ಇಲ್ಲಿ ಕೆಲವು ಅಡಚಣೆಗಳಿದ್ದವು.’ ಏನೂ ಅಲ್ಲದವರನ್ನು ಅಡಚಣೆಯ ಪದವಿಗೇರಿಸಿದ್ದಕ್ಕೆ ನಾವು ಗಂಡ ಹೆಂಡತಿ ಚಿರಋಣಿಗಳು. ಇನ್ನುಳಿದದ್ದು ಸಣ್ಣ ವಿನಂತಿ: ರೈಲು, ಸುರಂಗ, ಚಲಿಸುವ ಮೆಟ್ಟಿಲುಗಳ ಸಮೇತ ನಿಲ್ದಾಣವನ್ನು ಎರಡು ಅಂಗಡಿಯಷ್ಟು ಪಕ್ಕಕ್ಕೆ ಸರಿಸಿಕೊಟ್ಟರೆ ಸಾಕು. ಅವಸರವಿಲ್ಲ, ಎರಡೇ ವರ್ಷ ತೆಗೆದುಕೊಳ್ಳಿ.

ತಮ್ಮ ವಿಶ್ವಾಸಿ,
ಮೆಟ್ಟಿಲಡಿಯ ಕ್ಷೌರಿಕ

ತಾ.ಕ.: ಬರುವ ಮಂಗಳವಾರ ಬೆಳಿಗ್ಗೆ ಹೊಸ ಫಲಕವನ್ನು ತಿದ್ದಲು ಬರುತ್ತಿದ್ದೇವೆ. ಬರೆಯುವವನು ನಾನು, ಕಾಗುಣಿತ ಮೇಷ್ಟ್ರದು. ನಿನ್ನೆ ನನ್ನ ಹೆಂಡತಿ, “ನಾನೂ ಬರ್ತೀನ್ರೀ, ನನ್ನಂಗಡಿ ಹೆಸರು ನಾನೇ ಬರೀತೀನಿ” ಎಂದಳು. ದಯವಿಟ್ಟು ಕ್ಷಮಾಪಣೆ ಪತ್ರಕ್ಕೆ ಮೂರು ಹಾಳೆ ತೆಗೆದಿಡಿ, ಖಾಲಿಯಾಗಿಯೇ ಮರಳಿಸುತ್ತೇವೆ.