ಏಳು ಮನೆಗೆ ಒಂದೇ ಹೊಟ್ಟೆನೋವು

ನಮ್ಮ ದೊಡ್ಡಮ್ಮನಿಗೆ ಅಡುಗೆ ಬರುವುದಿಲ್ಲ. ಆದರೂ ಬಿಳಿಗೆರೆಯಲ್ಲಿ ನಮ್ಮ ಬೀದಿಯವರೆಲ್ಲ ಮಧ್ಯಾಹ್ನ ಉಣ್ಣುವುದು ಅವಳ ಮನೆಯಲ್ಲೇ! ಅವಳ ಉಪ್ಪಿಟ್ಟನ್ನು ದೊಡ್ಡಪ್ಪ ಅಷ್ಟು ವರ್ಷ ಹೇಗೆ ತಿಂದರೋ, ಈಗ ಕೇಳೋಣವೆಂದರೆ ಅವರಿಲ್ಲ.

ಅವರು ಹೋದ ಮೇಲೆ ಒಬ್ಬಳೇ ಉಣ್ಣುವುದು ಅವಳಿಂದ ಆಗಲಿಲ್ಲ. ಕೊಬ್ಬರಿಗೆಂದು ಕಾಯಿ ಹಾಕುವ ಅಟ್ಟದ ಕೆಳಗೆ ಜಾಗ ಗುಡಿಸಿ, ದೊಡ್ಡ ಒಲೆ ಹೂಡಿಸಿದಳು. ಹಿಟ್ಟೋ ಸೊಪ್ಪೋ, ಮನೆಯಲ್ಲಿ ಇದ್ದದ್ದನ್ನು ತರಬೇಕು. ಅಡುಗೆ ದಿನಕ್ಕೊಬ್ಬರ ಪಾಳಿ. ಬರದವರನ್ನು ತಾನೇ ಹೋಗಿ ಎಳೆದು ತರುತ್ತಾಳೆ.

ಸೊಸೆಯ ಮೇಲೆ ಮುನಿಸಿಕೊಂಡು ಬರೀ ಬಾಳೆಹಣ್ಣಿನಲ್ಲಿ ದಿನ ದೂಡುತ್ತಿದ್ದ ಕೊಬ್ಬರಿ ವ್ಯಾಪಾರಿಯೊಬ್ಬರು ಹೀಗೇ ಬಂದರು. "ಸುಮ್ನೆ ಕೂತು ಉಣ್ಣಂಗಿಲ್ಲ ಕಣ್ರೀ, ಕಾಯಿ ತುರೀರಿ" ಎಂದಳು. ಜೀವಮಾನವೆಲ್ಲ ತಿಪಟೂರಿನಲ್ಲಿ ಕೊಬ್ಬರಿ ಮಾರಿದವರು, ಮೊದಲ ದಿನವೇ ಬೆರಳನ್ನೂ ಸೇರಿಸಿ ತುರಿದರು! ಬೆರಳಿಗೆ ಬಟ್ಟೆ ಕಟ್ಟಿದ್ದು ಅಲ್ಲೇ ಉಣ್ಣಲು ಬಂದಿದ್ದ ಸೊಸೆಯೇ. ಈಗ ಅವರ ತುರಿ ದಪ್ಪವಾಯಿತೆಂದು ಅವಳು ದಿನವೂ ಗೊಣಗುತ್ತಾಳೆ, ಅವರು ಕೇಳಿಸಿಕೊಳ್ಳುತ್ತಾರೆ.

ಹೀಗೇ ಉಣ್ಣಲು ಬರುತ್ತಿದ್ದ ಕೆಂಪಮ್ಮ ಒಂದು ವರ್ಷದಿಂದ ತರಕಾರಿ ಹೆಚ್ಚಿದವಳು, ಪಾತ್ರೆ ಬೆಳಗಿದವಳು. ಸೌಟು ಮಾತ್ರ ಅವಳ ಕೈಗೆ ಬಂದಿರಲಿಲ್ಲ. ಕಾರಣ ಜಾತಿ. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಪಾಳಿ ಹೇಗೋ ಅವಳನ್ನು ದಾಟಿಕೊಂಡು ಹೋಗುತ್ತಿತ್ತು. ದೊಡ್ಡಮ್ಮನೂ ಸುಮ್ಮನಿದ್ದಳು. ಒಂದು ದಿನ ಕೆಂಪಮ್ಮನೇ ಕೇಳಿದಳು.

"ನನ್ ಪಾಳಿ ಯಾವತ್ತಕ್ಕ?"

"ನಾಳೆ ಕಣೇ" ಎಂದಳು ದೊಡ್ಡಮ್ಮ.

ಮರುದಿನ ಏಳು ಮನೆಗೆ ಹೊಟ್ಟೆನೋವು! ಒಬ್ಬರಿಗಾದರೂ ತಲೆನೋವೋ ಸೊಂಟನೋವೋ ಬರಬಾರದಿತ್ತೇ? ನಮ್ಮ ಮನೆಯ ಹೊಟ್ಟೆನೋವನ್ನು ಹೇಳಿ ಬಂದವನು ನಾನೇ. ಓದಿದವನು, ಕಾಲೇಜಿನಲ್ಲಿ ಪಾಠ ಹೇಳುವವನು!

ದೊಡ್ಡಮ್ಮ ವಾದ ಮಾಡಲಿಲ್ಲ. ಓಮದ ಕಷಾಯ ಕಾಯಿಸಿಕೊಂಡು ಮನೆಮನೆಗೂ ಹೋಗಿ, ಲೋಟ ಖಾಲಿಯಾಗುವವರೆಗೆ ಎದುರಿಗೇ ನಿಂತಳು. ಕೊನೆಗೆ ನಮ್ಮ ಮನೆ. ನಮಗೂ ಕುಡಿಸಿ ಜಗಲಿಯಲ್ಲೇ ಕೂತುಬಿಟ್ಟಳು. ಒಳಗೆ ಒಲೆಯ ಮೇಲೆ ಕುಕ್ಕರ್ ಇತ್ತು. ಅಮ್ಮ ಒದ್ದೆಬಟ್ಟೆ ಹಿಡಿದು ಅದರ ಮುಂದೆ ಕಾವಲು ನಿಂತಳು. ಕುಕ್ಕರ್ ಮಾತು ಕೇಳುತ್ತದೆಯೇ? ಬೀದಿಗೆಲ್ಲ ಕೇಳುವಂತೆ ಕೂಗಿತು.

"ಏನ್ ಮಾಡ್ತಿದೀಯೇ?"

"ಗಂಜಿ ಕಣಕ್ಕ."

"ಗಂಜಿಗೆ ಬೆಳ್ಳುಳ್ಳಿ ಒಗ್ಗರಣೆನಾ?"

ದೊಡ್ಡಮ್ಮ ಎದ್ದಳು. "ಬುಡು. ಅವ್ಳು ಬೆಳಗ್ಗೆಯಿಂದ ನೀರೂ ಕುಡಿದಿಲ್ಲ ಕಣೇ. ಬಾಗ್ಲು ನೋಡ್ತಾ ಕೂತವ್ಳೆ."

ಅಷ್ಟೇ ಹೇಳಿ ಹೊರಟುಹೋದಳು. ಅಮ್ಮ ಒಲೆ ಆರಿಸಿದಳು. ಚಪ್ಪಲಿ ಮೆಟ್ಟಿಕೊಂಡು ಇಬ್ಬರೂ ಹೋದೆವು. ನಮ್ಮನ್ನು ನೋಡಿ ಇನ್ನೆರಡು ಮನೆಯವರು ಹಿಂದೆಯೇ ಬಂದರು. ಉಳಿದ ನಾಲ್ಕು ಮನೆಯವರು ಬರಲಿಲ್ಲ.

ಪಂಕ್ತಿಯಲ್ಲಿ ಕೂತೆವು. ಕೆಂಪಮ್ಮ ಮುದ್ದೆ ಇಟ್ಟುಕೊಂಡು ಬಂದಳು. ಅಮ್ಮನ ಮುಂದೆ ಬಂದವಳು, ಒಲೆಯ ಹತ್ತಿರ ಹೋಗಿ ಒಂದು ಪುಟ್ಟ ಪಾತ್ರೆ ತಂದಳು.

"ಹೊಟ್ಟೆನೋವು ಅಂದ್ರಲ್ಲಕ್ಕ. ನಿಮಗೇಂತ ಖಾರ ಹಾಕ್ದೆ ಬ್ಯಾರೆ ಸಾರು ಮಾಡಿಟ್ಟಿದ್ದೆ."

ಅವಳು ನಮ್ಮ ಸುಳ್ಳನ್ನು ನಂಬಿದ್ದಳೋ, ನಂಬೋಣವೆಂದು ತೀರ್ಮಾನಿಸಿದ್ದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅಮ್ಮ ತಟ್ಟೆಯನ್ನು ಮುಂದಕ್ಕೆ ಸರಿಸಿ, "ಎಲ್ರಿಗೂ ಮಾಡಿದ್ದನ್ನೇ ಹಾಕವ್ವ" ಎಂದಳು.