ದುಂಡು ಕಣ್ಣಿನ ಮಿರೆಲ್ಲಾ

ಭಾನುವಾರ ಬೆಳಿಗ್ಗೆ ಏಳೂವರೆಗೆ ಖಾದರ್ ಬಾಷಾ ತಮ್ಮ ಮೊಬೈಲಿನಲ್ಲಿ ಒಂದು ಕೆಂಪು ಹೃದಯವನ್ನು ಒತ್ತಿದರು. ಎಂಟು ಗಂಟೆಯೊಳಗೆ ಹನ್ನೊಂದು ಜನ ಫೋನ್ ಮಾಡಿ, ಅವರಿಗೆ ತಲೆ ಸರಿಯಿದೆಯೇ ಎಂದು ವಿಚಾರಿಸಿಕೊಂಡರು.

ಹೃದಯ ಹೋಗಿದ್ದು ಒಂದು ಕಾರಿಗೆ. ಯಲಹಂಕದಲ್ಲಿ ‘ಮಿರೆಲ್ಲಾ ಅಭಿಮಾನಿಗಳ ಬಳಗ’ ಎಂಬುದೊಂದಿದೆ. ಮಿರೆಲ್ಲಾ ಎಂದರೆ ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ಕುಳ್ಳಗಿನ ವಿದೇಶಿ ಸ್ಪೋರ್ಟ್ಸ್ ಕಾರು. ಬಳಗದಲ್ಲಿ ನಲವತ್ತಮೂರು ಸದಸ್ಯರಿದ್ದರು, ಕಾರು ಇದ್ದದ್ದು ಒಂದೇ. ಅದು ಅಧ್ಯಕ್ಷರಾದ ಕೃಷ್ಣಯ್ಯನವರದು. ಭೌತಶಾಸ್ತ್ರದ ಮೇಷ್ಟರಾಗಿದ್ದಾಗ, ಊರು ಬಿಟ್ಟು ಹೋಗುತ್ತಿದ್ದ ಒಬ್ಬ ವಿದೇಶಿ ಎಂಜಿನಿಯರನಿಂದ ಅವರು ಕೊಂಡದ್ದು. ಉಳಿದವರೆಲ್ಲ ಅದನ್ನು ನೋಡಿದವರು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡವರು, ಒಂದಲ್ಲ ಒಂದು ದಿನ ಅದನ್ನು ತಳ್ಳಿದವರು.

ಖಾದರ್ ಬಾಷಾ ಮಾತ್ರ ಅದನ್ನು ಇಪ್ಪತ್ತಾರು ವರ್ಷಗಳಿಂದ ಬದುಕಿಸಿಕೊಂಡು ಬಂದವರು. ಸಂತೆ ಸರ್ಕಲ್ಲಿನ ಹಿಂದೆ ಅವರ ಟಿಂಕರಿಂಗ್ ಶೆಡ್ಡು. ತಗಡಿನ ಮೇಲೆ ಅಂಗೈ ಆಡಿಸಿ, ಈ ಗಾಡಿ ಎಲ್ಲಿ, ಯಾವ ಕಂಬಕ್ಕೆ ಗುದ್ದಿತ್ತು ಎಂದು ಹೇಳಬಲ್ಲ ಮನುಷ್ಯ.

ಆ ಬೆಳಿಗ್ಗೆ ಕಂಪನಿಯವರು ಮಿರೆಲ್ಲಾದ ಹೊಸ ತಲೆಮಾರಿನ ಚಿತ್ರ ಬಿಟ್ಟಿದ್ದರು. ಐವತ್ತು ವರ್ಷ ಅದರ ಮುಖದಲ್ಲಿ ಎರಡು ದುಂಡು ದೀಪಗಳಿದ್ದವು, ಆಗಷ್ಟೇ ನಿದ್ದೆಯಿಂದೆದ್ದ ಮಗುವಿನ ಕಣ್ಣಿನಂತೆ. ಈಗ ಆ ಜಾಗದಲ್ಲಿ ಬೆಂಡೆಕಾಯಿ ಸೀಳಿಟ್ಟಂತೆ ಎರಡು ಗೀರು. ಬಳಗದ ಮೊಬೈಲ್ ಗುಂಪಿನಲ್ಲಿ ಅಳುವ ಮುಖಗಳ ಪ್ರವಾಹವೇ ಹರಿಯಿತು. ‘ಕಣ್ಣಿನ ಆಪರೇಷನ್ ಫೇಲಾಗಿದೆ’ ಎಂದು ಒಬ್ಬ ಬರೆದ. ‘ಇದು ಕಾರೋ ಮಿಕ್ಸಿಯೋ?’ ಎಂದು ಇನ್ನೊಬ್ಬ. ಯಾರೋ ಒಬ್ಬರು ‘ಓಂ ಶಾಂತಿ’ ಎಂದೂ ಹಾಕಿದರು.

ಖಾದರ್ ಬಾಷಾ ಕನ್ನಡಕ ಏರಿಸಿ, ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಹಳೆಯ ಮಿರೆಲ್ಲಾದ ದುಂಡು ದೀಪದ ಕೆಳಗೆ ಒಂದು ಬಟ್ಟಲಿದೆ. ಮಳೆ ಬಂದರೆ ನೀರು ಅಲ್ಲೇ ನಿಲ್ಲುತ್ತದೆ, ತುಕ್ಕು ಅಲ್ಲೇ ಹುಟ್ಟುತ್ತದೆ. ಆ ಜಾಗವನ್ನು ಅವರು ಹದಿನಾಲ್ಕು ಸಲ ಕತ್ತರಿಸಿ ಹೊಸ ತಗಡು ಬೆಸೆದಿದ್ದರು. ಹೊಸ ದೀಪದ ಕೆಳಗೆ ಬಟ್ಟಲಿರಲಿಲ್ಲ. ಒಂದು ಸಣ್ಣ ಇಳಿಜಾರು, ಅದರ ತುದಿಯಲ್ಲಿ ಕೂದಲೆಳೆಯಷ್ಟು ಸಂದು ಇತ್ತು.

“ನೋಡು ಜಾಹಿದಾ, ನೀರು ಇಳಿಯೋಕೆ ದಾರಿ ಬಿಟ್ಟಿದಾನೆ!” ಎಂದು ಹೆಂಡತಿಯನ್ನು ಕರೆದರು. “ಇದನ್ನ ಬರೆದೋನು ಯಾರೋ ತಗಡಿನ ಕಷ್ಟ ಗೊತ್ತಿರೋನು.”

ಆ ಖುಷಿಯಲ್ಲೇ ಹೃದಯ ಒತ್ತಿದ್ದರು.

ಹನ್ನೆರಡನೆಯ ಫೋನು ಕೃಷ್ಣಯ್ಯನವರದು.

“ಖಾದರ್, ಫೋಟೋ ನೋಡಿದ್ಯಾ?”

“ನೋಡ್ದೆ ಸರ್.”

“ಬೇಜಾರಾಯ್ತಾ?”

ಕೃಷ್ಣಯ್ಯನವರ ಹೆಂಡತಿ ಕಲಾವತಮ್ಮ ತೀರಿಕೊಂಡು ಎರಡು ವರ್ಷ. ಪ್ರತಿ ಭಾನುವಾರ ಆಕೆ ಸೆರಗಿನ ತುದಿಯಿಂದ ಆ ದುಂಡು ದೀಪಗಳನ್ನು ಒರೆಸಿ, “ಈಗ ನೋಡು, ದಾರಿ ಕಾಣ್ಸತ್ತೆ” ಎಂದು ಕಾರಿಗೇ ಹೇಳುತ್ತಿದ್ದರು. ಆ ಮನುಷ್ಯನಿಗೆ ‘ಹೊಸ ಕಣ್ಣೇ ಚೆನ್ನಾಗಿದೆ’ ಎಂದು ಹೇಳುವುದು ಹೇಗೆ?

“ಬೇಜಾರೇ ಸರ್. ಆಗ್ದೇ ಇರತ್ತಾ?”

“ಮತ್ತೆ ಆ ಹೃದಯ?”

“ಬೆರಳು ಜಾರ್ತು ಸರ್.”

“ನಾನೂ ಅದೇ ಅಂದ್ಕೊಂಡೆ,” ಎಂದು ಕೃಷ್ಣಯ್ಯ ನಿಟ್ಟುಸಿರಿಟ್ಟು ಫೋನ್ ಇಟ್ಟರು.

ಜಾಹಿದಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. “ನಲವತ್ತು ವರ್ಷ ಸುತ್ತಿಗೆ ಹಿಡ್ದು ಜಾರದೇ ಇರೋ ಬೆರಳು ಇವತ್ತು ಜಾರ್ತಾ ಜೀ?”

“ಸುಮ್ನಿರು. ಪಾಪ, ಅವರ ಮನಸ್ಸು ನೋಯತ್ತೆ.”

ಸುಮ್ಮನಿರುವ ಯೋಗ ಇರಲಿಲ್ಲ. ಬಳಗದ ಕಾರ್ಯದರ್ಶಿ ಬಾಲರಾಜು ಸ್ಕೂಟರಿನಲ್ಲಿ ಬಂದಿಳಿದ. ಬೋರ್‌ವೆಲ್ ಮೋಟರಿನ ಅಂಗಡಿಯವನು. ಮಿರೆಲ್ಲಾ ಎಂದರೆ ಪ್ರಾಣ, ಆದರೆ ಸೀಟಿಗೂ ಸ್ಟೇರಿಂಗಿಗೂ ನಡುವೆ ಅವನ ಹೊಟ್ಟೆ ಹಿಡಿಸದ ಕಾರಣ ಒಮ್ಮೆಯೂ ಅದನ್ನು ಓಡಿಸಿದವನಲ್ಲ.

“ಏನ್ ಬಾಷಾ ಸಾಬ್ರೇ, ಇಂಗ್ ಮಾಡ್ಬುಟ್ರಲ್ಲ! ನಿಮ್ಮಂಥೋರೇ ಆ ಕೆಂಪು ಆರ್ಟ್ ಒತ್ತಿದ್ರೆ ನಾವ್ ಎಲ್ಲಿಗೋಗಣ?”

“ಬೆರಳು ಜಾರ್ತು ಬಾಲರಾಜು.”

“ಅಂಗಾದ್ರೆ ಇವತ್ತು ಪ್ರೂವ್ ಮಾಡ್ಬುಡಿ. ಹುಣಸಮಾರನಹಳ್ಳಿ ಅತ್ರ ಶೋರೂಮಿಗೆ ಒಸಾ ಗಾಡಿ ಬಂದೈತಂತೆ. ನಾವೆಲ್ಲ ಓಗಿ ಧಿಕ್ಕಾರ ಕೂಗಣ. ಮುಂದ್ಗಡೆ ಅಳೇ ಮಿರೆಲ್ಲಾ, ಒಳಗೆ ಮೇಷ್ಟ್ರು, ಪಕ್ಕದಲ್ಲಿ ನೀವು.”

ಹೊಸ ಗಾಡಿ ಎಂಬ ಮಾತು ಕೇಳಿ ಖಾದರ್ ಬಾಷಾರ ಮನಸ್ಸು ಕುಣಿಯಿತು. ಆ ಸಂದನ್ನು ಬೆರಳಿನಿಂದಲೇ ಮುಟ್ಟಿ ನೋಡಬಹುದಲ್ಲ!

“ಬರ್ತೀನಿ, ಬರ್ತೀನಿ,” ಎಂದರು. ಬಾಲರಾಜುವಿಗೆ ಅದು ಹೋರಾಟದ ಕಿಚ್ಚಿನಂತೆ ಕಂಡಿತು.

ಹತ್ತು ಗಂಟೆಗೆ ನ್ಯೂ ಟೌನಿನ ಕೃಷ್ಣಯ್ಯನವರ ಮನೆ ಮುಂದೆ ಹದಿನೈದು ಬೈಕುಗಳು ಸೇರಿದವು. ಕಾರುಗಳ ಬಗ್ಗೆ ವಿಡಿಯೋ ಮಾಡುವ ಹರ್ಷಿತಾ ಎಂಬ ಹುಡುಗಿ ಕ್ಯಾಮೆರಾ ಹಿಡಿದು ಖಾದರ್ ಬಾಷಾರನ್ನು ಹಳೇ ಮಿರೆಲ್ಲಾದ ಮುಂದೆ ನಿಲ್ಲಿಸಿದಳು.

“ಅಂಕಲ್, ಹೊಸ ಡಿಸೈನ್ ಬಗ್ಗೆ ಒಂದೇ ಒಂದ್ ಮಾತು. ಫುಲ್ ಎಮೋಷನಲ್ ಆಗಿರ್ಲಿ.”

ಖಾದರ್ ಬಾಷಾರಿಗೆ ಸುಳ್ಳು ಹೇಳಲು ನಾಲಗೆ ಏಳಲಿಲ್ಲ, ನಿಜ ಹೇಳಲು ಕೃಷ್ಣಯ್ಯನವರು ಎದುರಿಗೇ ನಿಂತಿದ್ದರು. ಕೊನೆಗೆ, ಯಾರಿಗೂ ನೋವಾಗದಂಥ ನಿಜವನ್ನೇ ಹುಡುಕಿದರು.

“ಇಪ್ಪತ್ತಾರು ವರ್ಷ ಈ ಕಣ್ಣಿನ ಕೆಳಗೆ ಸುತ್ತಿಗೆ ತಟ್ಟಿದೀನಮ್ಮ. ಹದಿನಾಲ್ಕು ಸಲ ತಗಡು ಕೂಡ್ಸಿದೀನಿ. ಹೊಸ ಗಾಡಿಗೆ ನನ್ನಂಥೋನು ಬೇಕಾಗಲ್ಲ. ಅಲ್ಲಿ ನನ್ನ ಸುತ್ತಿಗೆಗೆ ಕೆಲಸಾನೇ ಇಲ್ಲ.”

ಟಿಂಕರ್ ಒಬ್ಬ ಒಂದು ಕಾರಿಗೆ ಕೊಡಬಹುದಾದ ಅತಿ ದೊಡ್ಡ ಹೊಗಳಿಕೆ ಅದು. ಆದರೆ ಸುತ್ತ ನಿಂತವರೆಲ್ಲ ಮೂಗೊರೆಸಿಕೊಂಡರು. ಬಾಲರಾಜು ಗೋಡೆಯ ಕಡೆ ತಿರುಗಿ ಬಿಕ್ಕಿದ. ಕೃಷ್ಣಯ್ಯನವರು ಹತ್ತಿರ ಬಂದು ಖಾದರ್ ಬಾಷಾರ ಭುಜ ಅದುಮಿದರು. ಹರ್ಷಿತಾ ಅದಕ್ಕೆ ವೀಣೆಯ ಹಿನ್ನೆಲೆ ಸೇರಿಸಿ, ‘ಸುತ್ತಿಗೆ ತಾತನ ಸಂಕಟ’ ಎಂದು ಹೆಸರಿಟ್ಟು ಅಲ್ಲೇ ಹರಿಯಬಿಟ್ಟಳು. ಮೆರವಣಿಗೆ ಕೋಗಿಲು ಕ್ರಾಸ್ ಮುಟ್ಟುವಷ್ಟರಲ್ಲಿ ಅದನ್ನು ನಲವತ್ತು ಸಾವಿರ ಜನ ನೋಡಿದ್ದರು. ಸಿಗ್ನಲ್ಲಿನಲ್ಲಿ ಒಬ್ಬ ಆಟೋದವನು ಬಗ್ಗಿ, “ತಾತಾ, ಅಳ್ಬೇಡ ತಾತಾ, ನಾವಿದೀವಿ!” ಎಂದು ಕೂಗಿದ.

ಮುಂದೆ ಏರ್‌ಫೋರ್ಸ್ ಸ್ಟೇಷನ್ನಿನ ಗೋಡೆಯ ಪಕ್ಕದಲ್ಲಿ ಹಳೇ ಮಿರೆಲ್ಲಾ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಖಾದರ್ ಬಾಷಾ ಬಾನೆಟ್ ಎತ್ತಿ ಊದಿದರು, ತಟ್ಟಿದರು, ಬೇಡಿಕೊಂಡರು. ಹದಿನೈದು ಜನ ರೂಢಿಯಂತೆ ತಳ್ಳಿದರು. ಮೇಲೆ ವಿಮಾನವೊಂದು ಹಾರಿಹೋಯಿತು. ಕೆಳಗೆ ಮಿರೆಲ್ಲಾ ಮೂರನೇ ದಿನದ ಮದುಮಗಳಂತೆ ಬಿಗುಮಾನದಿಂದ ಕೂತೇ ಇತ್ತು.

ಆಗ ಕೆಟ್ಟ ಕಾರುಗಳನ್ನು ಹೊತ್ತೊಯ್ಯುವ ಲಾರಿಯೊಂದು ಪಕ್ಕಕ್ಕೆ ಬಂದು ನಿಂತಿತು. ಅದರ ಬದಿಯಲ್ಲಿ ಹೊಸ ಮಿರೆಲ್ಲಾ ಶೋರೂಮಿನದೇ ಹೆಸರು.

“ಎಲ್ಲಿಗ್ ಸಾರ್?” ಎಂದ ಡ್ರೈವರು.

“ನಿಮ್ ಶೋರೂಮಿಗೇ,” ಎಂದು ಬಾಲರಾಜು ಎದೆಯುಬ್ಬಿಸಿದ. “ಧಿಕ್ಕಾರ ಕೂಗಾಕೆ.”

“ಗಾಡಿ ಮೇಲಕ್ಕೆ ಅತ್ತಿಸಿ ಸಾರ್ ಮತ್ತೆ. ಬಿಸಿಲು ಜಾಸ್ತಿ ಐತೆ.”

ಹೀಗೆ, ಯಾರ ವಿರುದ್ಧ ಹೋರಾಟವೋ ಅವರದೇ ಲಾರಿಯ ಮೇಲೆ ಹೋರಾಟ ಮುಂದುವರಿಯಿತು. ಶೋರೂಮಿನ ಬಾಗಿಲಲ್ಲಿ ಅವರಿಗೆ ತಣ್ಣನೆಯ ಬಾದಾಮಿ ಹಾಲು ಸಿದ್ಧವಿತ್ತು. ‘ಧಿಕ್ಕಾರ’ ಎಂದು ಕೂಗಲು ಬಾಯಿ ತೆರೆದವರ ಕೈಗೆಲ್ಲ ಒಂದೊಂದು ಲೋಟ ಬಂತು. ಕುಡಿಯುತ್ತಾ ಕೂಗುವುದು ಕಷ್ಟವಾದ್ದರಿಂದ ಕೂಗನ್ನು ಮುಂದೂಡಲಾಯಿತು.

ಖಾದರ್ ಬಾಷಾ ಯಾರಿಗೂ ಕಾಣದಂತೆ ಒಳಗೆ ಜಾರಿದರು.

ಹೊಸ ಮಿರೆಲ್ಲಾ ಬಿಳಿ ದೀಪಗಳ ನಡುವೆ ನಿಂತಿತ್ತು, ಗದ್ದೆಬದಿಯ ನೀರುಹಕ್ಕಿಯಂತೆ ಹಗುರಾಗಿ. ಅವರು ಮಂಡಿಯೂರಿ ದೀಪದ ಕೆಳಗೆ ಬೆರಳು ತೂರಿಸಿದರು. ಇಳಿಜಾರು ಸಿಕ್ಕಿತು. ತುದಿಯ ಸಂದೂ ಸಿಕ್ಕಿತು. ಮೊಮ್ಮಗುವಿನ ಮೊದಲ ಹಲ್ಲು ಬೆರಳಿಗೆ ತಾಗಿದಂತಾಯಿತು. ಎಲ್ಲೋ ದೂರದೇಶದಲ್ಲಿ ಕೂತ ಯಾರೋ ಒಬ್ಬ, ಇಪ್ಪತ್ತಾರು ವರ್ಷದ ತಮ್ಮ ಗೊಣಗಾಟವನ್ನು ಕೇಳಿಸಿಕೊಂಡಿದ್ದಾನೆ ಎನ್ನಿಸಿ ಅವರ ಕಣ್ಣಲ್ಲಿ ನೀರು ತುಂಬಿತು.

ತಿರುಗಿ ನೋಡಿದರೆ ಹರ್ಷಿತಾಳ ಕ್ಯಾಮೆರಾ. ಅದರ ಹಿಂದೆ ಇಡೀ ಬಳಗ. ಎಲ್ಲರ ಮುಂದೆ ಶೋರೂಮಿನ ಮ್ಯಾನೇಜರ್ ಅಮ್ರೀನ್, ಮೂವತ್ತರ ಹೆಣ್ಣುಮಗಳು, ತಾನೂ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದಳು.

“ತಾತ, ನಿಮ್ಮ ವಿಡಿಯೋ ನಮ್ಮ ಓನರ್ ನೋಡಿದ್ರು. ಊಟ ಮಾಡ್ಲಿಲ್ವಂತೆ,” ಎಂದಳು. “ಅವರು ಡಿಸೈಡ್ ಮಾಡಿದಾರೆ. ಈ ಗಾಡಿಯ ದೀಪ ತೆಗೆದು ಹಳೇ ಥರ ರೌಂಡ್ ದೀಪಾನೇ ಕೂರಿಸ್ತೀವಿ. ಆ ಕೆಲಸ ಬೇರೆ ಯಾರೂ ಮಾಡಲ್ಲ. ನಿಮ್ಮ ಕೈಯಿಂದ್ಲೇ ಆಗ್ಬೇಕು. ಮುಂದಿನ ಭಾನುವಾರ, ಇಲ್ಲೇ, ಎಲ್ಲರ ಮುಂದೆ!”

ಚಪ್ಪಾಳೆಗೆ ಗಾಜಿನ ಗೋಡೆಗಳು ನಡುಗಿದವು. ಬಾಲರಾಜು ಖಾದರ್ ಬಾಷಾರನ್ನು ಎತ್ತಲು ಹೋಗಿ, ಅರ್ಧಕ್ಕೆ ಇಳಿಸಿದ. ಅವರಿಗೆ ಕಾಣುತ್ತಿದ್ದುದು ಒಂದೇ. ದುಂಡು ದೀಪ ಕೂರಿಸಬೇಕಾದರೆ ಆ ಇಳಿಜಾರನ್ನು ಕತ್ತರಿಸಬೇಕು, ಸಂದನ್ನು ಮುಚ್ಚಬೇಕು. ಮೂರೇ ಮಳೆಗಾಲಕ್ಕೆ ತುಕ್ಕು.

ಬೇಡ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಗುಂಪಿನ ಹಿಂದೆ ಕೃಷ್ಣಯ್ಯನವರು ಕಂಡರು. ಮೇಷ್ಟರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಕಲಾವತಮ್ಮ ಒರೆಸಿದ ಕಣ್ಣುಗಳು ವಾಪಸು ಬರುವ ಸಂತೋಷ ಅದು ಎಂದು ಖಾದರ್ ಬಾಷಾ ತಿಳಿದರು.

“ಆಯ್ತಮ್ಮ,” ಎಂದರು. “ಮಾಡ್ತೀನಿ.”

ಸಂಜೆಗೆ ಮುಂಚೆ ಅದೇ ಲಾರಿ ಹಳೇ ಮಿರೆಲ್ಲಾವನ್ನು ಹೊತ್ತು ಯಲಹಂಕದ ಕಡೆ ಹೊರಟಿತು. ಡ್ರೈವರನ ಪಕ್ಕದ ಸೀಟನ್ನು ಬಾಲರಾಜು ಒಬ್ಬನೇ ತುಂಬಿದ್ದರಿಂದ, ಇಬ್ಬರು ಹಿರಿಯರೂ ಲಾರಿಯ ಮೇಲಿನ ಕಾರಿನೊಳಗೇ ಕೂತರು. ಕೃಷ್ಣಯ್ಯನವರು ಅಭ್ಯಾಸಬಲದಿಂದ ಸ್ಟೇರಿಂಗ್ ಹಿಡಿದಿದ್ದರು.

“ಖಾದರ್,” ಎಂದರು ಸ್ವಲ್ಪ ದೂರ ಹೋದ ಮೇಲೆ. “ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬಾರ್ದು.”

“ಹೇಳಿ ಸರ್.”

“ಆ ಹೊಸ ಕಣ್ಣು ಇದೆಯಲ್ಲ… ತುಂಬಾ ಚೆನ್ನಾಗಿತ್ತು ಕಣಯ್ಯ.”

ಖಾದರ್ ಬಾಷಾ ನಿಧಾನವಾಗಿ ಅವರ ಕಡೆ ತಿರುಗಿದರು.

“ಬೆಳಿಗ್ಗೆ ಫೋಟೋ ನೋಡಿದ ತಕ್ಷಣ ಇಷ್ಟ ಆಯ್ತು. ಕಲಾವತಿಗೂ ಇಷ್ಟ ಆಗಿರೋದು. ಅವಳು ಆ ದೀಪ ಒರೆಸಿ ಒರೆಸಿ ‘ಎಷ್ಟು ಧೂಳು ಹಿಡಿಯತ್ತಪ್ಪಾ’ ಅಂತ ಬೈಕೊಳ್ತಿದ್ಲು, ನಿಂಗೊತ್ತಿಲ್ಲ. ಆದ್ರೆ ನಿನ್ನ ನೆನಪಾಯ್ತು. ಇಪ್ಪತ್ತಾರು ವರ್ಷ ಆ ಮುಖ ತಟ್ಟಿದ ಕೈ. ನಿಂಗೆ ಎಷ್ಟು ಸಂಕಟ ಆಗಿರತ್ತೋ ಅಂತ ಸುಮ್ನಾದೆ. ನಿನಗೋಸ್ಕರನೇ ಇಷ್ಟು ದೂರ ಬಂದೆ. ಇವತ್ತು ಅಲ್ಲಿ, ಅಷ್ಟು ಚೆಂದದ ಮುಖ ಕುಯ್ದುಹಾಕ್ತಾರಲ್ಲಾ ಅಂತ ಅಳು ಬಂದ್ಬಿಡ್ತು.”

ಖಾದರ್ ಬಾಷಾರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊನೆಗೆ ಎಲ್ಲವನ್ನೂ ಹೇಳಿಬಿಟ್ಟರು. ನೀರಿನ ದಾರಿ, ಸಂದು, ಬೆರಳಿನ ಸುಳ್ಳು, ಸುತ್ತಿಗೆಯ ಮಾತಿನ ನಿಜವಾದ ಅರ್ಥ. ಕೃಷ್ಣಯ್ಯನವರು ಬಾಯಿ ತೆರೆದು ಕೇಳಿದರು, ಆಮೇಲೆ ಸ್ಟೇರಿಂಗಿಗೆ ಹಣೆ ಹಚ್ಚಿ ನಕ್ಕರು. ಖಾದರ್ ಬಾಷಾರೂ ನಕ್ಕರು. ಹೆದ್ದಾರಿಯಲ್ಲಿ ಹೋಗುತ್ತಿದ್ದ ಬಸ್ಸಿನವರೆಲ್ಲ ಕಿಟಕಿಗೆ ಬಂದು, ಲಾರಿಯ ಮೇಲೆ ಕಾರಿನಲ್ಲಿ ಕೂತು ನಗುವ ಇಬ್ಬರು ಮುದುಕರನ್ನು ನೋಡಿದರು.

“ಈಗ್ಲೇ ಫೋನ್ ಮಾಡು,” ಎಂದರು ಕೃಷ್ಣಯ್ಯ ಕಣ್ಣೊರೆಸಿಕೊಂಡು. “ಬೇಡ ಅಂದ್ಬಿಡು. ಯಾರಿಗೂ ಏನೂ ನಷ್ಟ ಇಲ್ಲ.”

ಅಷ್ಟರಲ್ಲಿ ಫೋನ್ ತಾನೇ ಬಡಿದುಕೊಂಡಿತು. ಅಮ್ರೀನ್.

“ತಾತ! ನೀವು ಹೋದ್ಮೇಲೆ ಆರು ಬುಕಿಂಗ್ ಆಯ್ತು, ಆರು! ಎಲ್ಲರಿಗೂ ನಿಮ್ಮ ಕೈಯ ರೌಂಡ್ ದೀಪಾನೇ ಬೇಕಂತೆ.”

“ಅಮ್ಮಾ, ಒಂದ್ ನಿಮಿಷ, ನಾನೊಂದು ಮಾತು…”

“ಈ ತಿಂಗಳು ಒಂದೂ ಬುಕಿಂಗ್ ಇರ್ಲಿಲ್ಲ ತಾತ. ನಾಳೆಯಿಂದ ಬರ್ಬೇಡ ಅಂತ ಹೇಳ್ತಾರೇನೋ ಅಂತ ಅಮ್ಮಿಗೂ ಹೇಳದೆ ಒಳಗೊಳಗೇ ಹೆದರ್ಕೊಂಡಿದ್ದೆ. ನಿಮ್ಮಿಂದ ನನ್ನ ಕೆಲಸ ಉಳೀತು. ಏನೋ ಹೇಳ್ತಿದ್ರಲ್ಲ?”

ಖಾದರ್ ಬಾಷಾ ಕಣ್ಣು ಮುಚ್ಚಿಕೊಂಡರು. “ಏನಿಲ್ಲಮ್ಮ. ಹೊತ್ತಿಗೆ ಸರಿಯಾಗಿ ಊಟ ಮಾಡು.”

ಫೋನ್ ಜೇಬಿಗೆ ಹೋಯಿತು.

“ಏನಂದ್ಲು?” ಎಂದರು ಕೃಷ್ಣಯ್ಯ.

“ಹದಿನಾಲ್ಕು ಸರ್.”

“ಏನು ಹದಿನಾಲ್ಕು?”

“ಕಣ್ಣು. ಶೋರೂಮಿನ ಗಾಡಿದು ಎರಡು, ಇನ್ನಾರು ಗಾಡಿದು ಹನ್ನೆರಡು.”

ಲಾರಿ ಕೋಗಿಲು ಕ್ರಾಸಿನಲ್ಲಿ ತಿರುಗಿತು. ಕೃಷ್ಣಯ್ಯನವರು ಅದರ ಜೊತೆಗೇ ಸ್ಟೇರಿಂಗ್ ತಿರುಗಿಸಿದರು, ನೇರ ಮಾಡಿದರು.

“ತಗಡು ಕತ್ತರಿಸ್ವಾಗ ಆ ಕಡೆ ತುದಿ ಯಾರಾದ್ರೂ ಹಿಡ್ಕೋಬೇಕಲ್ವಾ ಖಾದರ್?”

“ಹಿಡ್ಕೋಬೇಕು ಸರ್.”

“ನಾನು ಹಿಡ್ಕೋತೀನಿ. ಆದ್ರೆ ಕಣ್ಣು ಮುಚ್ಕೋತೀನಿ, ನೋಡೋಕಾಗಲ್ಲ.”

ಖಾದರ್ ಬಾಷಾ ಯೋಚಿಸಿದರು. “ಮುಚ್ಕೊಳ್ಳಿ ಸರ್. ಒಂದು ಗಾಡಿಗೆ ನೀವು, ಇನ್ನೊಂದು ಗಾಡಿಗೆ ನಾನು. ಇಬ್ಬರೂ ಒಟ್ಟಿಗೆ ಮುಚ್ಕೊಂಡ್ರೆ ಬೆರಳು ಹೋಗತ್ತೆ.”