ಚಂದ್ರನ ಅಂಚಿನಲ್ಲಿ ಠಿಕಾಣಿ ಹೂಡಿರುವ ನೇರಳೆ ಬಣ್ಣದವರಿಗೆ

ಮಾನ್ಯ ನೇರಳೆ ಬಣ್ಣದವರೇ,

ಜಮಖಂಡಿಯಿಂದ ಪವಮಾನ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಕಾಮನಬಿಲ್ಲಿನ ಪಂಕ್ತಿಯಲ್ಲಿ ಕಟ್ಟಕಡೆಗೆ ಕೂತಿದ್ದರೂ ಮೊದಲು ಎಲೆ ಹಾಕಿಸಿಕೊಳ್ಳುವ ತಾವು ಸುಖವಾಗಿದ್ದೀರೆಂದು ನಂಬಿದ್ದೇನೆ. ನಾವು ಸುಖವಾಗಿಲ್ಲ, ಅದಕ್ಕೆ ಕಾರಣವೂ ತಾವೇ. ಆದರೆ ಬಂದ ಕೂಡಲೇ ಜಗಳ ತೆಗೆಯುವುದು ನಮ್ಮ ಮನೆತನದ ಪದ್ಧತಿಯಲ್ಲವಾದ್ದರಿಂದ, ಬದನೆಕಾಯಿಯಲ್ಲೂ ನನ್ನ ಹೆಂಡತಿ ರಸಿಕಾಳ ಮದುವೆಯ ಸೀರೆಯಲ್ಲೂ ತಾವು ಸಲ್ಲಿಸುತ್ತಿರುವ ಸೇವೆಯನ್ನು ಮೊದಲು ಮನಸಾರೆ ಸ್ಮರಿಸುತ್ತೇನೆ.

ಹೋದ ವರ್ಷ ದುರ್ಬೀನು ಕೊಳ್ಳಲು ಹೋದಾಗ ಅಂಗಡಿಯವನು ನನ್ನ ಮುಂದೆ ಎರಡು ಇಟ್ಟ. ಒಂದು ಉದ್ದ, ಸಪೂರ. ಇನ್ನೊಂದು ಗಿಡ್ಡ, ಅಗಲ ಬಾಯಿಯದು. ಎರಡರ ಮಸೂರದಲ್ಲೂ ಜೋಡಿ ಗಾಜುಗಳಿವೆಯೆಂದೂ, ಅವು ಕೆಂಪನ್ನೂ ನೀಲಿಯನ್ನೂ ಹಿಡಿದು ತಂದು ಒಂದೇ ಜಾಗದಲ್ಲಿ ಕೂರಿಸುತ್ತವೆಯೆಂದೂ, ನೇರಳೆಯವರು ಮಾತ್ರ ಕೂದಲೆಳೆಯಷ್ಟು ಆಚೆ ಹೋಗಿ ಕೂತು, ಹೊಳೆಯುವುದರ ಸುತ್ತೆಲ್ಲ ನೇರಳೆ ಅಂಚು ಕಟ್ಟುತ್ತಾರೆಂದೂ, ಉದ್ದನೆಯದರಲ್ಲಿ ತಮ್ಮ ಹಟ ಕಡಿಮೆ, ಗಿಡ್ಡದರಲ್ಲಿ ಬಹಳವೆಂದೂ ಅವನು ಪ್ರಾಮಾಣಿಕವಾಗಿಯೇ ಹೇಳಿದ. ನಾನು ಗಿಡ್ಡದನ್ನು ಆರಿಸಿದೆ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬರಬಹುದಲ್ಲ ಎಂಬುದಷ್ಟೇ ಅಂದಿನ ನನ್ನ ಖಗೋಳಜ್ಞಾನ.

ಈಗ ನನ್ನ ತಾಯಿಯ ವಿಷಯ. ವತ್ಸಲಾಬಾಯಿಯವರು ಪ್ರತಿ ಸಂಕಷ್ಟಿಯಂದು, ನನ್ನ ಆಯುಷ್ಯ ಹೆಚ್ಚಲೆಂದು, ಬೆಳಗಿನಿಂದ ಉಪವಾಸವಿದ್ದು, ಚಂದ್ರ ಹುಟ್ಟಿದ ಮೇಲೆ ಅರ್ಘ್ಯ ಕೊಟ್ಟು ಊಟ ಮಾಡುವವರು. ಅಂದು ಚಂದ್ರ ಹುಟ್ಟಿದ್ದ, ಅರ್ಘ್ಯವಾಗಿತ್ತು, ಕಡಬು ಬಿಸಿಯಾಗಿದ್ದವು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡವನಂತೆ ನಾನು, ಉಣ್ಣುವ ಮೊದಲು ಒಮ್ಮೆ ಇದರಲ್ಲಿ ನೋಡಬೇಕೆಂದು ಅವರನ್ನು ಮಾಳಿಗೆಗೆ ಕರೆದೆ. ಅವರು ಕಣ್ಣಿಟ್ಟು ನೋಡಿದರು, ಚಂದ್ರನ ಸುತ್ತ ಸೀರೆಯ ದಡಿಯಂತೆ ಹಬ್ಬಿದ್ದ ತಮ್ಮನ್ನು ಕಂಡರು, ಕೆಳಗೆ ಬಗ್ಗಿ ರಸಿಕಾಳಿಗೆ ಹೇಳಿದರು: “ಚಂದ್ರಗ ಗ್ರಹಣ ಹಿಡದದ. ಕಡಬಿನ ಮ್ಯಾಲ ತುಳಸಿ ಹಾಕು.”

ಗ್ರಹಣ ಬಿಡುವ ತನಕ ನಮ್ಮಲ್ಲಿ ತುತ್ತು ಮುಟ್ಟುವುದಿಲ್ಲವೆಂಬುದು ತಮಗೆ ತಿಳಿದಿರಬಹುದು. ಹುಣ್ಣಿಮೆ ಕಳೆದು ನಾಲ್ಕನೆಯ ದಿನ ಚಂದ್ರಗ್ರಹಣ ಹೇಗಾದೀತು, ಪಂಚಾಂಗದಲ್ಲಿ ಇಲ್ಲವಲ್ಲ ಎಂದು ನಾನು ವಾದಿಸಿದೆ. “ಪಂಚಾಂಗ ಬರದವ್ರು ನಿನ್ನ ದುರ್ಬೀನಿನಾಗ ನೋಡಿದ್ರೇನು?” ಎಂದರು. ಬರಿಗಣ್ಣಿಗೆ ಬೆಳ್ಳಗೇ ಇದ್ದಾನಲ್ಲ ಎಂದೆ. “ಬರಿಗಣ್ಣಿಗೆ ಎಲ್ಲಾ ಕಾಣಸ್ತಿದ್ರ ನೀ ಇದನ್ನ ಯಾಕ ತಂದಿ?” ಎಂದರು. ಅವರ ಶುಗರ್ ಗುಳಿಗೆ ಊಟದ ಜೊತೆಗಿನದು. ಊಟವೂ ಇಲ್ಲದೆ ಗುಳಿಗೆಯೂ ಇಲ್ಲದೆ ಹೊತ್ತು ಹೋದಂತೆ ನನಗೆ ನಿಜಕ್ಕೂ ಹೆದರಿಕೆಯಾಯಿತು. ಕೈಮುಗಿದೆ, ಕಾಲು ಹಿಡಿದೆ. ಬೆಳಗಾಗುವವರೆಗೂ ಅವರು ನೀರಿನ ಮೇಲೆಯೇ ಇದ್ದರು.

ತಮ್ಮ ಪ್ರತಾಪಕ್ಕೆ ತಲೆಬಾಗಲೇಬೇಕು. ಅಷ್ಟು ದೊಡ್ಡ ರಾಹುವಿಗೂ ಹುಣ್ಣಿಮೆ ಬರಬೇಕು, ಮುಹೂರ್ತ ಕೂಡಬೇಕು. ತಾವು ಯಾವ ತಿಥಿಗೂ ಕಾಯುವವರಲ್ಲ. ಆಮೇಲೆ ತಾಯಿ ದುರ್ಬೀನಿನಲ್ಲಿ ನೋಡದೆ ಉಣ್ಣಲು ಒಪ್ಪಲೇ ಇಲ್ಲ. ಮುಂದಿನ ಸಂಕಷ್ಟಿಗೆ ತಮ್ಮನ್ನು ತಡೆಯಲೆಂದು ಹಳದಿ ಗಾಜು ತಂದು ತೂರಿಸಿದೆ. ತಾವೇನೋ ಮರೆಯಾದಿರಿ, ಆದರೆ ಚಂದ್ರನಿಗೆ ಹಳದಿ ಕಾಮಣಿಯಾಗಿದೆಯೆಂದು ತಾಯಿ ಮರುಗಿ, ರೋಗಿಯ ಎದುರಿಗೆ ಕಡಬು ತಿನ್ನುವುದು ಸರಿಯಲ್ಲವೆಂದು ಎದ್ದುಹೋದರು. ಅದರ ಮುಂದಿನ ತಿಂಗಳು, ತಾಯಿ ಒಮ್ಮೆ ಗ್ರಹಣ ಕಂಡಾದ ಮೇಲೆ, ದುರ್ಬೀನಿನ ದೊಡ್ಡ ಮುಚ್ಚಳ ಹಾಕಿ, ಅದರ ನಡುವಿನ ಪುಟ್ಟ ಬಿರಡೆ ಮಾತ್ರ ತೆಗೆದೆ. ಬಾಯಿ ಕಿರಿದಾಗಿ ತಾವು ಎಳೆಯಷ್ಟಾದಿರಿ. ತಾಯಿಗೆ ಆದ ಸಂತೋಷ ಅಷ್ಟಿಷ್ಟಲ್ಲ: ಗ್ರಹಣ ಬಿಟ್ಟಿತು, ಇನ್ನು ಎಲ್ಲರೂ ತಣ್ಣೀರಿನಲ್ಲಿ ತಲೆಸ್ನಾನ ಮಾಡಿ ಉಣ್ಣಬೇಕು. ಅಂದಿನಿಂದ ತಿಂಗಳಿಗೊಮ್ಮೆ ನಮ್ಮ ಮನೆಯಲ್ಲಿ ಗ್ರಹಣ ಹಿಡಿಯುತ್ತದೆ, ಬಿಡುತ್ತದೆ, ನಾವು ಮೀಯುತ್ತೇವೆ, ತಾಯಿ ಕೆಮ್ಮುತ್ತ ಆರಿದ ಕಡಬು ತಿನ್ನುತ್ತಾರೆ. ಪಕ್ಕದ ಮನೆಯ ಅಪ್ಪಾಜಿಯವರು, ತೇರದಾಳದ ಜೈನರು, ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸಿದವರಾದ್ದರಿಂದ, ತಮ್ಮ ಮಾಳಿಗೆಯಿಂದಲೇ “ತಡಾ ಮಾಡಬ್ಯಾಡ್ರಿ, ಥಂಡಿ ಐತ್ರಿ” ಎಂದು ತುಂಬಿದ ಹೊಟ್ಟೆಯಿಂದ ಸಲಹೆ ಕೊಡುತ್ತಾರೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಏನೆಂದರೆ, ತಾವು ಸಂಕಷ್ಟಿಯ ದಿನ ರಜೆ ಹಾಕಬೇಕು. ಅದು ಆಗದಿದ್ದರೆ ಬನಹಟ್ಟಿಗೆ ಹೋಗಿ. ಅಲ್ಲಿ ಮಗ್ಗಗಳು ಹಗಲೆಲ್ಲ ಸೀರೆಗೆ ದಡಿ ನೇಯುತ್ತಿವೆ, ಅಂಚಿನಲ್ಲಿ ಇರಲೇಬೇಕೆಂಬ ತಮ್ಮ ಆಸೆ ಗೌರವದಿಂದ ತೀರುತ್ತದೆ. ಅದೂ ಒಲ್ಲದಿದ್ದರೆ ಕೆಂಪು, ನೀಲಿಯವರ ಪಕ್ಕಕ್ಕೆ ಸರಿದು ಕೂತುಬಿಡಿ. ಚಿಕ್ಕಪಡಸಲಗಿಯಲ್ಲಿ ರೈತರು ಕೈಯಿಂದ ದುಡ್ಡು ಹಾಕಿ ಒಡ್ಡು ಕಟ್ಟಿದಾಗ ಕೃಷ್ಣೆಯಂಥ ಕೃಷ್ಣೆಯೇ ನಿಂತಳು. ತಮಗೆ ಕೂದಲೆಳೆಯಷ್ಟು ಈಚೆ ಬರಲು ಏನು ಧಾಡಿ?

ಇಷ್ಟು ಬರೆದಿಟ್ಟು ಅಂಚೆಗೆ ಹಾಕುವುದರಲ್ಲಿದ್ದೆ. ಅಷ್ಟರಲ್ಲಿ ನಿನ್ನೆ ಇಳಿಹೊತ್ತಿನಲ್ಲಿ ತಾಯಿ ತಾವೇ ದುರ್ಬೀನು ತಿರುಗಿಸಿ, ಮಾಳಿಗೆಯ ಮೇಲೆ ಉಣ್ಣುತ್ತ ಕೂತಿದ್ದ ಅಪ್ಪಾಜಿಯವರ ಮೇಲೆ ಇಟ್ಟರು. ಬಿಸಿಲಿಗೆ ಹೊಳೆಯುತ್ತಿದ್ದ ಅವರ ಬೋಳುತಲೆಯ ಸುತ್ತ ತಾವು ಭರ್ಜರಿಯಾಗಿ ವಿರಾಜಮಾನರಾಗಿದ್ದಿರಿ. ತಾಯಿ ಬಹಳ ಹೊತ್ತು ನೋಡಿದರು. “ಅಂವನ ತಲಿಗೂ ಗ್ರಹಣ ಹಿಡದದ, ಅಂವ ನೋಡಿದ್ರ ಎರಡನೇ ಹೋಳಗಿಗೆ ಕೈ ಹಾಕ್ಯಾನ,” ಎಂದಷ್ಟೇ ಹೇಳಿ ಕೆಳಗಿಳಿದರು.

ಇವತ್ತು ಸಂಕಷ್ಟಿ. ಚಂದ್ರ ಹುಟ್ಟಿದ. ತಾಯಿ ಬರಿಗಣ್ಣಿನಿಂದ ನೋಡಿ, ಅರ್ಘ್ಯ ಕೊಟ್ಟು, ಹೊಗೆಯಾಡುವ ಕಡಬಿಗೆ ತುಪ್ಪ ಹಾಕಿಕೊಂಡು ಉಣ್ಣತೊಡಗಿದರು. ನಾನೂ ನಿರಾಳವಾಗಿ ಪಕ್ಕದಲ್ಲಿ ಕೂತು ತಾಟಿಗೆ ಕೈ ಚಾಚಿದೆ. ಅವರು ತಾಟನ್ನು ಆಚೆ ಸರಿಸಿ ಹೇಳಿದರು: “ಗ್ರಹಣ ಚಂದ್ರಗ ಹಿಡದಿದ್ದಿಲ್ಲ, ದುರ್ಬೀನ್ ತಂದಾಂವಗ ಹಿಡದಿತ್ತು. ನೀ ಒಬ್ಬನs ಹೋಗಿ ತಣ್ಣೀರಾಗ ಮಿಂದು ಬಾ.”

ಮಿಂದು ಬಂದು, ತಲೆಯಿಂದ ನೀರಿಳಿಯುತ್ತಿರುವಾಗಲೇ ಸಹಿ ಮಾಡುತ್ತಿರುವ,

ತಮ್ಮ ವಿಶ್ವಾಸಿ,
ಪವಮಾನ

ತಾ.ಕ.: ಈ ಪತ್ರದ ಪ್ರತಿಗಳನ್ನು ಕೆಂಪು ಮತ್ತು ನೀಲಿಯವರಿಗೂ ಕಳಿಸಿದ್ದೇನೆ. ಅವರಿಬ್ಬರದೂ ಒಂದೇ ವಿಳಾಸ. ತಮ್ಮ ಪ್ರತಿಯನ್ನು ಮಾತ್ರ ಪೆಟ್ಟಿಗೆಯೊಳಗೆ ಹಾಕದೆ ತುಸು ಆಚೆ, ನೆಲದ ಮೇಲೆ ಇಟ್ಟಿದ್ದೇನೆ. ತಾವು ಬಂದು ಬೀಳುವುದು ಹೇಗೂ ಅಲ್ಲೇ.